ಮಕ್ಕಳ ಕಾರ್ಯಕ್ರಮ ನಡೆಸೋರು ಹೇಗಿರಬೇಕು? ಫ್ರೆಡ್ ರೋಜರ್ಸ್ ಅವರ ಬದುಕಿನ ಬಗ್ಗೆ ಮಾತಾಡೋಣ ಬನ್ನಿ

ಅರಿವು ಕೇಂದ್ರದ ಅಕ್ಕ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿ. ರಜೆ ದಿನ ಮಕ್ಕಳಿಗೆ ಕಥೆ ಹೇಳುತ್ತೇನೆ. ಅದನ್ನು ಫೋನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿ ಅಂತ ಊರಿನ ಹುಡುಗರು ಹಿಂದೆ ಬಿದ್ದಿದ್ದಾರೆ. ಹೂಂ ಅನ್ನುವ ಮೊದಲು, ಈ ಕೆಲಸವನ್ನು ಚೆನ್ನಾಗಿ ಮಾಡಿದವರು ಯಾರು, ಹೇಗೆ ಮಾಡಿದರು ಅಂತ ಓದುತ್ತಾ ಹೋದೆ. ಅಮೆರಿಕದ ಟಿವಿಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರೋಜರ್ಸ್ ಅಲ್ಲಿ ಸಿಕ್ಕರು. ಸಿಕ್ಕಿದ ಮೇಲೆ ಬಿಡೋಕೆ ಆಗಲಿಲ್ಲ.

ಅವರು ಹುಟ್ಟಿದ್ದು 1928ರಲ್ಲಿ, ಪೆನ್ಸಿಲ್ವೇನಿಯಾದ ಲಟ್ರೋಬ್ ಅನ್ನೋ ಸಣ್ಣ ಊರಿನಲ್ಲಿ. ಅನುಕೂಲಸ್ಥರ ಮನೆ. ಆದರೆ ಹುಡುಗ ದಪ್ಪಗಿದ್ದ, ಉಬ್ಬಸ ಬೇರೆ. ಬೇರೆ ಹುಡುಗರು ರೇಗಿಸುತ್ತಿದ್ದರು. ಹಾಗಾಗಿ ಮನೆಯಲ್ಲೇ ಗೊಂಬೆಗಳನ್ನು ಮಾತಾಡಿಸಿಕೊಂಡು, ಪಿಯಾನೋ ನುಡಿಸಿಕೊಂಡು ಬೆಳೆದ. ಕಾಲೇಜಿನಲ್ಲಿ ಓದಿದ್ದು ಸಂಗೀತ. 1951ರಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಟಿವಿ ನೋಡಿದರು. ಅದರಲ್ಲಿ ಒಬ್ಬರ ಮುಖಕ್ಕೆ ಒಬ್ಬರು ತಿಂಡಿ ಎಸೆದು ನಗಿಸುತ್ತಿದ್ದರಂತೆ. ಇಷ್ಟು ಒಳ್ಳೆಯ ಸಾಧನವನ್ನು ಹೀಗಾ ಬಳಸೋದು ಅಂತ ಬೇಜಾರಾಗಿ, ಟಿವಿ ಕೆಲಸಕ್ಕೇ ಸೇರಿಬಿಟ್ಟರು. ಮೊದಲು ನ್ಯೂಯಾರ್ಕಿನ ಎನ್‌ಬಿಸಿ. ಆಮೇಲೆ 1953ರಲ್ಲಿ ಪಿಟ್ಸ್‌ಬರ್ಗ್‌ನ ಡಬ್ಲ್ಯೂಕ್ಯೂಇಡಿ, ಅಂದರೆ ಊರಿನ ಜನರ ದುಡ್ಡಿನಿಂದ ನಡೆಯುವ ಶೈಕ್ಷಣಿಕ ವಾಹಿನಿ. ಅಲ್ಲಿ ವರ್ಷಗಟ್ಟಲೆ ತೆರೆಯ ಹಿಂದೆಯೇ ಇದ್ದರು. ಗೊಂಬೆ ಆಡಿಸೋದು, ಅವುಗಳಿಗೆ ದನಿ ಕೊಡೋದು, ಸಂಗೀತ ನುಡಿಸೋದು. ಮುಖ ತೋರಿಸಿದ್ದು 1963ರಲ್ಲಿ, ಕೆನಡಾದ ಟೊರೊಂಟೊದಲ್ಲಿ. ಅದೂ ಅಲ್ಲಿನ ಟಿವಿಯ ಮಕ್ಕಳ ವಿಭಾಗದ ಮುಖ್ಯಸ್ಥರು ಒತ್ತಾಯ ಮಾಡಿದ್ದಕ್ಕೆ. 1968ರ ಫೆಬ್ರವರಿ 19ರಿಂದ ‘ಮಿಸ್ಟರ್ ರೋಜರ್ಸ್ ನೇಬರ್‌ಹುಡ್’ ಅಮೆರಿಕದ ಉದ್ದಗಲಕ್ಕೂ ಪ್ರಸಾರವಾಯಿತು. 2001ರವರೆಗೂ ಹೊಸ ಕಂತು ಬಂದವು. 2003ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು.

1970ರ ಒಂದು ಕಂತಿನ ಬಗ್ಗೆ ಹೇಳಲೇಬೇಕು. ಮೀನಿಗೆ ಊಟ ಹಾಕೋಕೆ ಹೋಗುತ್ತಾರೆ. ತೊಟ್ಟಿಯ ತಳದಲ್ಲಿ ಒಂದು ಮೀನು ಅಲುಗಾಡದೆ ಬಿದ್ದಿದೆ. ಎತ್ತಿ ಉಪ್ಪುನೀರಿಗೆ ಬಿಟ್ಟು ಕಾಯುತ್ತಾರೆ. ಏಳುವುದಿಲ್ಲ. ಪೇಪರಿನಲ್ಲಿ ಸುತ್ತಿ, ಹಿತ್ತಲಿಗೆ ತಗೊಂಡು ಹೋಗಿ, ಗುಂಡಿ ತೋಡಿ ಹೂಳುತ್ತಾರೆ. ಆಮೇಲೆ ತಮ್ಮ ಚಿಕ್ಕಂದಿನ ನಾಯಿಯ ವಿಷಯ ಹೇಳುತ್ತಾರೆ. ಅದು ಸತ್ತಾಗ ಅತ್ತಿದ್ದು, ಹೂಳೋಣ ಅಂತ ಅಪ್ಪ ಅಂದಾಗ ಬೇಡ ಅನ್ನಿಸಿದ್ದು, ಇನ್ನೂ ಬದುಕಿದೆ ಅಂದುಕೊಂಡೇ ಇದ್ದುಬಿಡೋಣ ಅನ್ನಿಸಿದ್ದು. ಎಲ್ಲೂ ಅವಸರ ಇಲ್ಲ. ಹಿನ್ನೆಲೆಯಲ್ಲಿ ಅಳು ಬರಿಸುವ ಸಂಗೀತ ಇಲ್ಲ.

ಈಗ ನನ್ನ ಪ್ರಶ್ನೆ. ನಮ್ಮ ಕಡೆ ಮಕ್ಕಳು ರೇಷ್ಮೆ ಹುಳುವಿನ ಜೊತೆಯಲ್ಲೇ ಬೆಳೆಯುತ್ತಾರೆ. ಎಷ್ಟನೇ ಜ್ವರ, ಅಂದರೆ ಹುಳು ಎಷ್ಟನೇ ಸಲ ಪೊರೆ ಬಿಡುತ್ತಿದೆ ಅಂತ ನೋಡಿದ ತಕ್ಷಣ ಹೇಳುತ್ತಾರೆ. ಗೂಡು ಕಟ್ಟೋಕೆ ಸಿದ್ಧವಾದ ಹಣ್ಣು ಹುಳು ಆರಿಸಿ, ಅವು ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡೋಕೆ ದೊಡ್ಡವರಿಗಿಂತ ಅವರ ಕೈಯೇ ಚುರುಕು. ಅಂಥ ಮನೆಯ ಒಬ್ಬ ಹುಡುಗಿ, ಎರಡನೇ ಕ್ಲಾಸು, ಕಥೆ ಮಧ್ಯೆ ಕೇಳಿದಳು: ‘ಗೂಡನ್ನ ಬಿಸಿನೀರಿಗೆ ಹಾಕ್ತಾರಲ್ಲ ಅಕ್ಕ, ಒಳಗಿರೋ ಹುಳುಗೆ ಗೊತ್ತಾಗುತ್ತಾ?’ ಆಮೇಲೆ ಹೇಳ್ತೀನಿ ಅಂದಿದ್ದೇನೆ. ಏನು ಹೇಳೋದು?

ನಲಿಕಲಿ ಮೇಷ್ಟ್ರು, ಕೋಲಾರ

ಅಕ್ಕ, ತುಂಬಾ ಒಳ್ಳೆ ವಿಷಯ ತೆಗೆದಿರಿ. ರೋಜರ್ಸ್ ಅಂದರೆ ಎಲ್ಲರೂ ‘ಮೃದು ಮನುಷ್ಯ’ ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ದೊಡ್ಡದಾಗಿ ಕಾಣೋದು ಅವರು ಪಟ್ಟ ಶ್ರಮ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಮೆಕ್‌ಫಾರ್ಲೆಂಡ್ ಅಂತ ಮಕ್ಕಳ ಮನಃಶಾಸ್ತ್ರಜ್ಞೆ ಇದ್ದರು. ವರ್ಷಾನುಗಟ್ಟಲೆ ರೋಜರ್ಸ್ ತಮ್ಮ ಸ್ಕ್ರಿಪ್ಟ್ ತಗೊಂಡು ಅವರ ಹತ್ತಿರ ಹೋಗಿ ಕೂರುತ್ತಿದ್ದರು. ಈ ಮಾತಿಗೆ ಮಗು ಏನು ಅರ್ಥ ಮಾಡಿಕೊಳ್ಳುತ್ತೆ, ಈ ದೃಶ್ಯ ನೋಡಿ ಹೆದರುತ್ತಾ ಅಂತ ಒಂದೊಂದನ್ನೂ ಕೂತು ಯೋಚನೆ ಮಾಡುತ್ತಿದ್ದರು. ಸ್ನಾನದ ತೊಟ್ಟಿಯ ನೀರು ಹೋಗುವ ತೂತಿನಲ್ಲಿ ತಾನೂ ಹೋಗಿಬಿಡುತ್ತೇನೋ ಅಂತ ಮಕ್ಕಳಿಗೆ ಹೆದರಿಕೆ ಇರುತ್ತಲ್ವಾ? ನಾವು ‘ಏ ಹೋಗೋ’ ಅಂತ ನಕ್ಕುಬಿಡುತ್ತೇವೆ. ಅವರು ಅದಕ್ಕೆ ಅಂತಲೇ ಒಂದು ಹಾಡು ಬರೆದು, ನೀನು ಆ ತೂತಿಗಿಂತ ದೊಡ್ಡವನು ಕಣಪ್ಪ ಅಂತ ಧೈರ್ಯ ಹೇಳಿದರು.

ಇನ್ನೊಂದು ವಿಷಯ. ಅವರು ಕ್ಯಾಮೆರಾ ನೋಡಿ ‘ಮಕ್ಕಳೇ’ ಅಂತ ಸಭೆಗೆ ಮಾತಾಡಿದ ಹಾಗೆ ಮಾತಾಡುತ್ತಿರಲಿಲ್ಲ. ಎದುರಿಗೆ ಒಂದೇ ಮಗು ಕೂತಿದೆ ಅನ್ನುವ ಹಾಗೆ. ಪ್ರಶ್ನೆ ಕೇಳಿದರೆ ಸುಮ್ಮನಾಗುತ್ತಿದ್ದರು, ಮಗು ಮನೆಯಲ್ಲಿ ಕೂತು ಉತ್ತರ ಹೇಳುವಷ್ಟು ಹೊತ್ತು. ನಮ್ಮ ಕ್ಲಾಸಿನಲ್ಲಿ ನಾವೇ ಪ್ರಶ್ನೆ ಕೇಳಿ ನಾವೇ ಉತ್ತರ ಹೇಳುತ್ತೇವೆ, ಅಷ್ಟು ಅವಸರ.

ಹುಡುಗಿಗೆ ಉತ್ತರ ಹೇಳುವ ಮೊದಲು ‘ನಿನಗೇನು ಅನ್ನಿಸುತ್ತೆ’ ಅಂತ ಕೇಳಿ ನೋಡಿ. ಮಗು ಕೇಳಿದ್ದು ಒಂದಿರುತ್ತೆ, ಮನಸ್ಸಲ್ಲಿರೋದು ಇನ್ನೊಂದಿರುತ್ತೆ.

ಬಾಗೇಪಲ್ಲಿ ಅಪ್ಪ

ನೀವು ಹೇಳೋದೆಲ್ಲ ಸರಿ ಮೇಡಂ. ಆದರೆ ನಮ್ಮ ಮನೆ ಕಥೆ ಕೇಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಫೋನಲ್ಲಿ ಬರೋದು ಯಾವ ಭಾಷೆಯೋ ದೇವರೇ ಬಲ್ಲ. 2009ರಲ್ಲಿ ಚಿಂಟು ಟಿವಿ ಬಂದಾಗ ಖುಷಿಯಾಗಿತ್ತು, ಕೊನೆಗೂ ಕನ್ನಡದಲ್ಲಿ ಮಕ್ಕಳದ್ದೇ ಒಂದು ಚಾನೆಲ್ಲು ಅಂತ. ಅದರಲ್ಲೂ ಹೆಚ್ಚಾಗಿ ಬರೋದು ಬೇರೆ ಕಡೆಯ ಕಾರ್ಟೂನಿಗೆ ಕನ್ನಡದ ದನಿ. ನಮ್ಮ ಮಗನನ್ನು ನೋಡಿ ಮಾತಾಡುವ ಒಬ್ಬ ಮನುಷ್ಯ ಅಲ್ಲಿ ಸಿಗಲಿಲ್ಲ. ಇವನು ಎರಡು ನಿಮಿಷಕ್ಕೊಮ್ಮೆ ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾನೆ. ಅಷ್ಟು ನಿಧಾನದ ಕಾರ್ಯಕ್ರಮವನ್ನು ಇವನು ಕೂತು ನೋಡುತ್ತಾನಾ? ನನಗೆ ನಂಬಿಕೆ ಇಲ್ಲ.

ಅರಿವು ಕೇಂದ್ರದ ಅಕ್ಕ, ಶಿಡ್ಲಘಟ್ಟ ತಾಲ್ಲೂಕು

ಅಣ್ಣ, ನಿಮ್ಮ ಮಗನ ವಯಸ್ಸಿನವರೇ ನನ್ನ ಹತ್ತಿರ ಕಥೆಗೆ ಬರೋದು. ಅರ್ಧ ಜನ ಮನೆಯಲ್ಲಿ ತೆಲುಗು, ಕೆಲವರದ್ದು ಉರ್ದು. ಕಥೆ ಕನ್ನಡದಲ್ಲೇ ಹೇಳುತ್ತೇನೆ. ಮಗು ತೆಲುಗಿನಲ್ಲಿ ಏನಾದರೂ ಅಂದರೆ ತೆಲುಗಿನಲ್ಲೇ ಮಾತಾಡಿ ಮತ್ತೆ ಕಥೆಗೆ ಬರುತ್ತೇನೆ. ಯಾರೂ ಎದ್ದು ಹೋಗಿಲ್ಲ. ಎದುರಿಗಿರುವವರು ತಮ್ಮ ಮಾತು ಕೇಳಿಸಿಕೊಳ್ಳುತ್ತಾರೆ ಅಂತ ಗೊತ್ತಾದರೆ ಮಕ್ಕಳು ಕೂರುತ್ತಾರೆ. ರೋಜರ್ಸ್ ಕಾಲದಲ್ಲೂ ಪಕ್ಕದ ಚಾನೆಲ್ಲಿನಲ್ಲಿ ಓಡೋ, ಹೊಡೆಯೋ ಕಾರ್ಟೂನು ಇತ್ತು. ಅದರ ಎದುರಿಗೇ ಇವರು ಮನೆಗೆ ಬಂದು, ಕೋಟು ಬಿಚ್ಚಿಟ್ಟು, ಸ್ವೆಟರ್ ಹಾಕಿಕೊಂಡು, ಶೂ ಬದಲಾಯಿಸಿಕೊಂಡು, ಆಮೇಲೆ ಮಾತು ಶುರು ಮಾಡುತ್ತಿದ್ದರು. ಆ ಸ್ವೆಟರ್‌ಗಳನ್ನು ಅವರ ಅಮ್ಮನೇ ಹೆಣೆದು ಕೊಡುತ್ತಿದ್ದರು. ಒಂದು ಕೆಂಪು ಸ್ವೆಟರ್ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಕ್ಯಾಮೆರಾ ಕೆಲಸ, ತುಮಕೂರು

ಶೂ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಗೊಂಬೆ ಆಡಿಸುತ್ತಿದ್ದ ಕಾಲದಲ್ಲಿ ಸೆಟ್ಟಿನ ಹಿಂದೆ ಅತ್ತಿಂದಿತ್ತ ಓಡಬೇಕಿತ್ತು. ಸಾಮಾನ್ಯ ಶೂ ಟಕಟಕ ಅಂತ ಸದ್ದು ಮಾಡಿ ಮೈಕಿಗೆ ಬೀಳುತ್ತಿತ್ತು. ಅದಕ್ಕೆ ಕ್ಯಾನ್ವಾಸ್ ಶೂ ಹಾಕೋಕೆ ಶುರು ಮಾಡಿದರು. ಆಮೇಲೆ ಅದೇ ಅವರ ಗುರುತಾಯಿತು.

ನಮ್ಮ ಕೆಲಸದವರು ನೋಡಿ ಕಲಿಯಬೇಕಾದ್ದು ಅಲ್ಲಿ ತುಂಬಾ ಇದೆ. ಕಾರ್ಯಕ್ರಮದಲ್ಲಿ ರೋಜರ್ಸ್ ಮನೆ ಅಂದರೆ ನಿಜ. ಗೊಂಬೆಗಳ ರಾಜ್ಯ ಅಂದರೆ ಕಲ್ಪನೆ. ಎರಡರ ಮಧ್ಯೆ ಒಂದು ಪುಟ್ಟ ಟ್ರಾಲಿ ಗಾಡಿ ಓಡುತ್ತೆ. ಗಾಡಿ ಗೋಡೆಯ ಗವಿಯೊಳಗೆ ಹೋದರೆ ಕಲ್ಪನೆ ಶುರು, ವಾಪಸ್ ಬಂದರೆ ಮುಗಿಯಿತು. ರೋಜರ್ಸ್ ತಾವಾಗಿ ಆ ರಾಜ್ಯದಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲ. ಆದರೆ ರಾಜ, ರಾಣಿ, ಗೂಬೆ, ಬೆಕ್ಕು, ನಾಚಿಕೆಯ ಹುಲಿ, ಬಹುಪಾಲು ಗೊಂಬೆಗಳ ದನಿ ಅವರದ್ದೇ! ಕಟ್ ಕಡಿಮೆ, ಕ್ಯಾಮೆರಾ ನಿಧಾನ. ಪಿಯಾನೋ ನುಡಿಸುತ್ತಿದ್ದವರು ಜಾನಿ ಕೋಸ್ಟಾ, ದೊಡ್ಡ ಜಾಝ್ ಕಲಾವಿದ. ಮಕ್ಕಳಿಗೆ ತಾನೇ ಅಂತ ಸುಮ್ನೆ ಏನೋ ನುಡಿಸುತ್ತಿರಲಿಲ್ಲ. ಶೂಟಿಂಗ್ ನಡೆಯುವಾಗಲೇ ಪಕ್ಕದಲ್ಲಿ ಕೂತು ರೋಜರ್ಸ್ ನಡಿಗೆಗೆ ತಕ್ಕ ಹಾಗೆ ನುಡಿಸುತ್ತಿದ್ದರು.

ಇನ್ನೊಬ್ಬರ ಹೆಸರೂ ಇಲ್ಲಿ ಬರಬೇಕು, ಎರ್ನಿ ಕೂಂಬ್ಸ್. 1963ರಲ್ಲಿ ರೋಜರ್ಸ್ ಟೊರೊಂಟೊಗೆ ಹೋದಾಗ ಜೊತೆಯಲ್ಲಿ ಹೋದ ಗೊಂಬೆಯಾಟದವರು. ರೋಜರ್ಸ್ ವಾಪಸ್ ಬಂದರು, ಇವರು ಅಲ್ಲೇ ಉಳಿದರು. 1967ರಿಂದ 1996ರವರೆಗೆ ‘ಮಿಸ್ಟರ್ ಡ್ರೆಸ್‌ಅಪ್’ ಅಂತ ಕೆನಡಾದ ಮಕ್ಕಳ ಜೊತೆ ಇದ್ದರು. ನಾಲ್ಕು ಸಾವಿರಕ್ಕೂ ಹೆಚ್ಚು ಕಂತು. ಒಂದು ದೊಡ್ಡ ಪೆಟ್ಟಿಗೆ, ಅದರ ತುಂಬಾ ವೇಷ. ಅದನ್ನು ತೆಗೆದು ದಿನಕ್ಕೊಂದು ಹಾಕಿಕೊಳ್ಳುತ್ತಿದ್ದರು. ಜೊತೆಗೆ ಕಾಗದ, ಕತ್ತರಿ, ಬಣ್ಣ, ಗೋಂದು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ನಾಟಕದ ಪೆಟ್ಟಿಗೆ ಅಂದರೆ ಏನು ಅಂತ ತುಮಕೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಅಕ್ಕ, ನಿಮ್ಮ ಕೇಂದ್ರದಲ್ಲೂ ಅಂಥದ್ದೊಂದು ಪೆಟ್ಟಿಗೆ ಇಡಿ. ಹಳೇ ಸೀರೆ, ಟವೆಲ್ಲು, ರಟ್ಟು ಸಾಕು.

ಮುಳಬಾಗಿಲು ಓದುಗ

ನಾನು ಬೇರೆ ಒಂದು ಕಂತಿನ ಬಗ್ಗೆ ಬರೆಯಬೇಕು. ಇದನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತೆ.

1969. ಅಮೆರಿಕದಲ್ಲಿ ವರ್ಣಭೇದದ ವಿರುದ್ಧ ಕಾನೂನು ಬಂದು ಐದು ವರ್ಷ ಆಗಿತ್ತು. ಆದರೂ ಕಪ್ಪು ಜನ ಈಜುಕೊಳಕ್ಕೆ ಇಳಿದರೆ ಬಿಳಿಯರು ಸಹಿಸುತ್ತಿರಲಿಲ್ಲ. ಕಾರ್ಯಕ್ರಮದಲ್ಲಿ ಪೊಲೀಸ್ ಪಾತ್ರ ಮಾಡುತ್ತಿದ್ದವರು ಫ್ರಾಂಸ್ವಾ ಕ್ಲೆಮನ್ಸ್, ಕಪ್ಪು ಗಾಯಕ. ಬಿಸಿಲು. ರೋಜರ್ಸ್ ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು ತುಂಬಿ ಕಾಲು ಇಟ್ಟುಕೊಂಡು ಕೂತಿದ್ದಾರೆ. ಬನ್ನಿ, ನೀವೂ ಕಾಲು ಇಡಿ ಅನ್ನುತ್ತಾರೆ. ಟವೆಲ್ ಇಲ್ಲವಲ್ಲ ಅಂದರೆ, ನನ್ನದೇ ತಗೊಳ್ಳಿ ಅನ್ನುತ್ತಾರೆ. ಒಂದೇ ನೀರಲ್ಲಿ ಒಂದು ಕಪ್ಪು ಜೊತೆ ಕಾಲು, ಒಂದು ಬಿಳಿ ಜೊತೆ ಕಾಲು. ಕ್ಯಾಮೆರಾ ಅದನ್ನು ಹತ್ತಿರದಿಂದ ತೋರಿಸುತ್ತೆ. ಇದರ ಅರ್ಥ ಏನು ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ನೋಡುವ ಮಗುವಿಗೆ ಬಿಸಿಲಲ್ಲಿ ಇಬ್ಬರು ಸ್ನೇಹಿತರು ಕಾಲು ತಂಪು ಮಾಡಿಕೊಂಡರು, ಅಷ್ಟೇ. ಬೆಳೆಯುತ್ತಾ ಹೋದ ಹಾಗೆ ಆ ಚಿತ್ರ ತನ್ನ ಕೆಲಸ ಮಾಡುತ್ತೆ.

ಬಾವಿ, ಲೋಟ, ಪಂಕ್ತಿ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾ? ಕೋಲಾರದಲ್ಲಿ ದಲಿತ ಚಳವಳಿಯಲ್ಲಿ ಬೆಳೆದ ಕೋಟಿಗಾನಹಳ್ಳಿ ರಾಮಯ್ಯನವರು ಮಕ್ಕಳಿಗೆ ನಾಟಕ ಬರೆದರು. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಅನ್ನೋ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಮಕ್ಕಳ ಜೊತೆ ಮಾಡುವ ಕೆಲಸದಲ್ಲಿ ಈ ವಿಷಯವನ್ನು ಪಕ್ಕಕ್ಕಿಡೋಕೆ ಆಗಲ್ಲ ಅಂತ ನಮಗೆ ಇಲ್ಲೇ ಗೊತ್ತಿತ್ತು. ಅಕ್ಕ, ನಿಮ್ಮ ಕೇಂದ್ರದಲ್ಲಿ ಕುಡಿಯುವ ನೀರಿನ ಒಂದೇ ಕೊಡ, ಒಂದೇ ಸಾಲು ಲೋಟ ವಿಡಿಯೋದಲ್ಲಿ ಕಾಣೋ ಹಾಗೆ ಇಡಿ. ಅದರ ಬಗ್ಗೆ ಒಂದು ಮಾತೂ ಆಡಬೇಡಿ.

ಓದಿ ಬರೆಯುವವ, ಗೌರಿಬಿದನೂರು

ಮುಳಬಾಗಿಲು ಸರ್ ಬರೆದಿದ್ದು ಪೂರ್ತಿ ಒಪ್ಪುತ್ತೇನೆ. ಆದರೆ ಅದೇ ಕ್ಲೆಮನ್ಸ್ ವಿಷಯದಲ್ಲಿ ಇನ್ನೊಂದು ಸತ್ಯವೂ ಇದೆ. ಅವರು ಸಲಿಂಗಿ. ಅದನ್ನು ಹೊರಗೆ ತೋರಿಸಿಕೊಂಡರೆ ಕಾರ್ಯಕ್ರಮದಲ್ಲಿ ಇರೋಕಾಗಲ್ಲ ಅಂತ ಕ್ಲೆಮನ್ಸ್‌ಗೆ ರೋಜರ್ಸ್ ಹೇಳಿದ್ದರು. ಕ್ಲೆಮನ್ಸ್ ಅವರೇ ಮುಂದೆ ಇದನ್ನು ಬರೆದುಕೊಂಡಿದ್ದಾರೆ. ರೋಜರ್ಸ್ ಮೇಲೆ ಅವರಿಗಿದ್ದ ಪ್ರೀತಿ ಕಡಿಮೆ ಆಗಲಿಲ್ಲ, ನೋವೂ ಹೋಗಲಿಲ್ಲ. ‘ನೀನು ಇರುವ ಹಾಗೇ ನನಗಿಷ್ಟ’ ಅಂತ ದಿನಾ ಮಕ್ಕಳಿಗೆ ಹೇಳುತ್ತಿದ್ದ ಮನುಷ್ಯ, ಪಕ್ಕದಲ್ಲೇ ಇದ್ದ ಗೆಳೆಯನಿಗೆ ಆ ಮಾತನ್ನು ಪೂರ್ತಿ ಕೊಡೋಕೆ ಆಗಲಿಲ್ಲ. ದೇಣಿಗೆ ಕೊಡುವವರು ಕೈ ಬಿಟ್ಟರೆ ಕಾರ್ಯಕ್ರಮವೇ ನಿಲ್ಲುತ್ತಿತ್ತು, ಕಾಲ ಹಾಗಿತ್ತು ಅನ್ನೋದು ನಿಜ. ಆದರೂ ಬೆಲೆ ತೆತ್ತವರು ಕ್ಲೆಮನ್ಸ್. ಹೊಗಳುವಾಗ ಇದನ್ನು ಬಿಟ್ಟುಬಿಟ್ಟರೆ ನ್ಯಾಯ ಆಗಲ್ಲ.

ದುಡ್ಡಿನ ಮಾತು ಬಂತು. 1969ರ ಮೇ 1ರಂದು ರೋಜರ್ಸ್ ಅಮೆರಿಕದ ಸೆನೆಟ್ ಸಮಿತಿ ಮುಂದೆ ಕೂತಿದ್ದರು. ಸಾರ್ವಜನಿಕ ಪ್ರಸಾರಕ್ಕೆ ಕೊಡಬೇಕಿದ್ದ 2 ಕೋಟಿ ಡಾಲರ್ ಹಣವನ್ನು ಕಡಿತ ಮಾಡಬೇಕು ಅಂತ ನಿಕ್ಸನ್ ಸರ್ಕಾರ ಹೊರಟಿತ್ತು. ಸಮಿತಿ ಅಧ್ಯಕ್ಷ ಜಾನ್ ಪಾಸ್ಟೋರೆ ಗಡಸು ಮನುಷ್ಯ. ರೋಜರ್ಸ್ ಅಂಕಿ ಅಂಶ ಮುಂದಿಡಲಿಲ್ಲ. ಸಿಟ್ಟು ಬಂದಾಗ ಏನು ಮಾಡೋದು ಅಂತ ಒಂದು ಮಗು ಕೇಳಿದ್ದ ಪ್ರಶ್ನೆಯಿಂದ ಹುಟ್ಟಿದ ಹಾಡಿನ ಸಾಲುಗಳನ್ನು ಹೇಳಿದರು. ಸಿಟ್ಟು ಬರೋದು ತಪ್ಪಲ್ಲ, ಅದನ್ನು ತಡೆದುಕೊಳ್ಳೋಕೆ ಆಗುತ್ತೆ ಅಂತ ಮಗುವಿಗೆ ಗೊತ್ತಾಗಬೇಕು ಅಂದರು. ಆರೇಳು ನಿಮಿಷದ ಮಾತು. ಮೈ ಜುಮ್ಮೆಂದಿತು ಅಂದರು ಪಾಸ್ಟೋರೆ. ಆ 2 ಕೋಟಿ ನಿಮಗೆ ಸಿಕ್ಕಿದ ಹಾಗೇ ಅಂತಲೂ ಅಂದರು. ಇದರ ವಿಡಿಯೋ ಸಿಗುತ್ತೆ, ಎಲ್ಲರೂ ನೋಡಿ.

ಲಸಿಕೆ ಸಿಸ್ಟರ್, ಚಿಂತಾಮಣಿ

ನಾನು ಆಸ್ಪತ್ರೆಯಲ್ಲಿ ಮಕ್ಕಳಿಗೆ ಸೂಜಿ ಹಾಕುವವಳು. ಈ ಚರ್ಚೆ ಓದಿದ ಮೇಲೆ ಬರೆಯದೆ ಇರೋಕೆ ಆಗಲಿಲ್ಲ.

ಕಣ್ಣಿನ ಡಾಕ್ಟರುಗಳು ಒಂದು ಪುಸ್ತಕ ಮಾಡುತ್ತಿದ್ದರಂತೆ. ಪರೀಕ್ಷೆಗೆ ಬಂದ ಮಕ್ಕಳು ಹೆದರುತ್ತಾರೆ, ಅದರ ಬಗ್ಗೆ ಒಂದು ಅಧ್ಯಾಯ ಬರೆದುಕೊಡಿ ಅಂತ ರೋಜರ್ಸ್‌ಗೆ ಕೇಳಿದರು. ಅವರ ಸಹಾಯಕಿ ತುಂಬಾ ಕಷ್ಟಪಟ್ಟು ಒಂದು ಕರಡು ಮಾಡಿಕೊಟ್ಟರು. ರೋಜರ್ಸ್ ಅದನ್ನೆಲ್ಲ ಹೊಡೆದುಹಾಕಿ ಡಾಕ್ಟರುಗಳಿಗೆ ಒಂದೇ ಸಾಲು ಬರೆದರು: ನೀವೂ ಒಂದು ಕಾಲದಲ್ಲಿ ಮಗುವಾಗಿದ್ದಿರಿ.

ಲಸಿಕೆ ದಿನ ಪ್ರತಿ ಅಮ್ಮನೂ ‘ಏನೂ ಆಗಲ್ಲ ಪುಟ್ಟಾ, ನೋವೇ ಆಗಲ್ಲ’ ಅನ್ನುತ್ತಾಳೆ. ಸೂಜಿ ಚುಚ್ಚಿದಾಗ ನೋವಾಗುತ್ತೆ. ಆಗ ಮಗು ನನ್ನ ಮುಖ ನೋಡಲ್ಲ, ಅಮ್ಮನ ಮುಖ ನೋಡುತ್ತೆ. ಆ ನೋಟ ನನಗೆ ತಡೆಯೋಕೆ ಆಗಲ್ಲ. ಈಗ ನಾನೇ ಮೊದಲು ಹೇಳುತ್ತೇನೆ, ನೋವಾಗುತ್ತೆ ಕಂದ, ಒಂದೆರಡು ಸಲ ಉಸಿರು ಬಿಡೋ ಅಷ್ಟು ಹೊತ್ತು, ಅಮ್ಮ ಕೈ ಹಿಡಿದುಕೊಂಡಿರುತ್ತಾಳೆ ಅಂತ. ಅಳು ನಿಲ್ಲಲ್ಲ. ಆದರೆ ಮುಂದಿನ ಸಲ ಬಂದಾಗ ಬಾಗಿಲಲ್ಲೇ ಕಿರುಚಿಕೊಳ್ಳೋದು ಕಡಿಮೆ.

ಕಣ್ಣು ಕಾಣದ ಒಂದು ಹುಡುಗಿ ರೋಜರ್ಸ್‌ಗೆ ಪತ್ರ ಬರೆದಿದ್ದಳು. ಮೀನಿಗೆ ಊಟ ಹಾಕಿದಿರಾ ಇಲ್ಲವಾ ಅಂತ ನನಗೆ ಗೊತ್ತಾಗಲ್ಲ, ದಯವಿಟ್ಟು ಹೇಳಿ ಅಂತ. ಆಮೇಲಿಂದ ಅವರು ‘ಈಗ ಮೀನಿಗೆ ಊಟ ಹಾಕ್ತಿದ್ದೀನಿ’ ಅಂತ ಬಾಯಲ್ಲಿ ಹೇಳಿಯೇ ಹಾಕುತ್ತಿದ್ದರು. ದೇಶಕ್ಕೆಲ್ಲ ಪ್ರಸಾರವಾಗುವ ಕಾರ್ಯಕ್ರಮ, ಒಂದು ಮಗುವಿಗೋಸ್ಕರ ಬದಲಾಯಿತು.

ಅಕ್ಕ, ಹುಳು ಸಾಯಲ್ಲ ಅಂತ ಮಾತ್ರ ಹೇಳಬೇಡಿ.

ನೂಲು ಬಿಚ್ಚುವವರು, ಶಿಡ್ಲಘಟ್ಟ

ಮೇಡಂ, ನಮ್ಮ ಮನೆ ಕಸುಬೇ ಅದು, ನಾನು ಹೇಳಬಹುದು. ಗೂಡಿನೊಳಗೆ ಹುಳು ಹುಳುವಾಗಿ ಇರಲ್ಲ, ಕೋಶ ಆಗಿರುತ್ತೆ. ಹಾಗೇ ಬಿಟ್ಟರೆ ಕೆಲವೇ ದಿನದಲ್ಲಿ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಆಚೆ ಬರುತ್ತೆ. ಆಗ ಎಳೆ ತುಂಡು ತುಂಡು. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತೆ, ಅದು ಕೈಗೆ ಬರಬೇಕಾದರೆ ಅದಕ್ಕೆ ಮೊದಲೇ ಬೇಯಿಸಬೇಕು. ಬೇಯಿಸಿದ ಗೂಡನ್ನು ಕುಂಚದಲ್ಲಿ ಮೆಲ್ಲಗೆ ತಟ್ಟಿದರೆ ತುದಿ ಸಿಗುತ್ತೆ. ನಾಲ್ಕಾರು ಗೂಡಿನ ತುದಿ ಸೇರಿಸಿ ಮೇಲೆ ಎತ್ತುತ್ತೇವೆ. ಎಳೆ ಮುಗಿದ ಮೇಲೆ ನೀರಲ್ಲಿ ಕಪ್ಪಗೆ ಕೋಶ ಉಳಿಯುತ್ತೆ. ಸತ್ತಿರುತ್ತೆ. ನಮ್ಮ ಮಕ್ಕಳು ಇದನ್ನೆಲ್ಲ ನೋಡಿಕೊಂಡೇ ಬೆಳೆಯೋದು. ನೋಡಿರೋದಕ್ಕೆ ಇಲ್ಲ ಅಂದರೆ ನಂಬಲ್ಲ.

ಕ್ಯಾಮೆರಾ ಕೆಲಸ, ತುಮಕೂರು

ಇದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕುಣಿಗಲ್ ಕಡೆ ಬಿತ್ತನೆ ಗೂಡು ಬೆಳೆಯುತ್ತಾರೆ. ಆ ಗೂಡನ್ನು ಬೇಯಿಸಲ್ಲ. ಚಿಟ್ಟೆ ಆಚೆ ಬಂದು ನೂರಾರು ಮೊಟ್ಟೆ ಇಡುತ್ತೆ, ಮುಂದಿನ ಬೆಳೆ ಅದರಿಂದಲೇ. ಹುಡುಗಿಗೆ ಎರಡೂ ಹೇಳಬಹುದಲ್ವಾ?

ರೋಜರ್ಸ್ ಕಾರ್ಯಕ್ರಮದಲ್ಲಿ ಬಣ್ಣದ ಕ್ರೇಯಾನ್ ಕಾರ್ಖಾನೆಯಲ್ಲಿ ಹೇಗೆ ತಯಾರಾಗುತ್ತೆ ಅಂತ ತೋರಿಸಿದ ಒಂದು ತುಣುಕು ಇದೆ, 1981ರದ್ದು. ಕರಗಿದ ಮೇಣ ಅಚ್ಚಿಗೆ ಸುರಿಯೋದು, ಗಟ್ಟಿಯಾಗೋದು, ಕಾಗದ ಸುತ್ತೋದು, ಡಬ್ಬಿಗೆ ಹೋಗೋದು. ಅಷ್ಟೇ. ಅಮೆರಿಕದಲ್ಲಿ ಒಂದು ತಲೆಮಾರು ಅದನ್ನು ಇನ್ನೂ ನೆನಪಿಟ್ಟುಕೊಂಡಿದೆ. ದಿನಾ ಕೈಯಲ್ಲಿ ಹಿಡಿಯುವ ವಸ್ತು ಯಾರದೋ ಕೈಯಿಂದ ಬಂದಿದ್ದು ಅಂತ ಗೊತ್ತಾದ ಖುಷಿ ಅದು. ಶಿಡ್ಲಘಟ್ಟದಲ್ಲಿ ಕೂತು ಗೂಡಿನಿಂದ ನೂಲು ಬರೋದನ್ನು ತೋರಿಸದೆ ಇನ್ನೇನು ತೋರಿಸ್ತೀರಾ ಅಕ್ಕ?

ಬಾಗೇಪಲ್ಲಿ ಅಪ್ಪ

ಅದನ್ನು ತೋರಿಸಿದರೆ ನಮ್ಮ ಮಗ ಬೆರಳು ಆಡಿಸದೆ ನೋಡುತ್ತಾನೆ. ಚಂದನದಲ್ಲಿ ಬರುವ ‘ಥಟ್ ಅಂತ ಹೇಳಿ’ ಮಾತ್ರ ನಮ್ಮ ಮನೆಯಲ್ಲಿ ಎಲ್ಲರೂ ಕೂತು ನೋಡೋದು. 2002ರಿಂದ ನಡೀತಿದೆ. ನಾ. ಸೋಮೇಶ್ವರ ಡಾಕ್ಟ್ರು ಉತ್ತರ ತಪ್ಪಿದವರನ್ನು ಹೀಯಾಳಿಸಲ್ಲ, ಬಹುಮಾನಕ್ಕೆ ಪುಸ್ತಕ ಕೊಡುತ್ತಾರೆ. ಅಂಥ ಒಬ್ಬರು ಚಿಕ್ಕ ಮಕ್ಕಳಿಗೂ ಅಂತಲೇ ಬೇಕಿತ್ತು ಅಂತ ಯಾವತ್ತೂ ಅನ್ನಿಸುತ್ತಿತ್ತು.

ಅರಿವು ಕೇಂದ್ರದ ಅಕ್ಕ, ಶಿಡ್ಲಘಟ್ಟ ತಾಲ್ಲೂಕು

ಮೇಷ್ಟ್ರು ಹೇಳಿದ ಹಾಗೆ ಹುಡುಗಿಯನ್ನು ಕೇಳಿದೆ, ನಿನಗೇನು ಅನ್ನಿಸುತ್ತೆ ಅಂತ. ತುಂಬಾ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಆಮೇಲೆ, ‘ನಾನೇ ಆರಿಸಿ ಕೊಟ್ಟಿದ್ದಲ್ವಾ ಅಕ್ಕ, ಹುಳು ನನ್ನ ಮೇಲೆ ಕೋಪ ಮಾಡ್ಕೊಂಡಿರುತ್ತಾ’ ಅಂದಳು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸಾಯುತ್ತೆ ಅಂತ ಹೇಳಿದೆ. ಬೇಜಾರಾಗೋದು ಸರಿಯೇ ಅಂದೆ. ಇದು ದೊಡ್ಡವರ ಕಸುಬು, ನಿನ್ನ ತಪ್ಪಲ್ಲ, ನೀನು ಹುಳುವನ್ನು ಚೆನ್ನಾಗಿ ನೋಡಿಕೊಂಡೆ ಅಂದೆ. ಬಿತ್ತನೆ ಗೂಡಿನ ವಿಷಯವೂ ಹೇಳಿದೆ. ಅಲ್ಲಿಗೆ ಒಂದು ದಿನ ಕರಕೊಂಡು ಹೋಗಿ ಅಂದಿದ್ದಾಳೆ.

ವಿಡಿಯೋ ಮಾಡೋಣ ಅಂತ ತೀರ್ಮಾನ ಮಾಡಿದೆ. ತುಮಕೂರು ಅಣ್ಣ, ಫೋನು ಎಲ್ಲಿ ಇಡಬೇಕು?

ಕ್ಯಾಮೆರಾ ಕೆಲಸ, ತುಮಕೂರು

ಕೆಳಗೆ. ಚಾಪೆ ಮೇಲೆ ಕೂತ ಮಗುವಿನ ಕಣ್ಣಿನ ಎತ್ತರಕ್ಕೆ. ನೀವೂ ಕೆಳಗೇ ಕೂರಿ. ಕಿಟಕಿ ನಿಮ್ಮ ಬೆನ್ನಿಗೆ ಬೇಡ, ಎದುರಿಗಿರಲಿ. ಕಾಲರಿಗೆ ಸಿಕ್ಕಿಸುವ ಮೈಕು ಕಡಿಮೆ ಬೆಲೆಗೆ ಸಿಗುತ್ತೆ, ಒಂದು ತಗೊಳ್ಳಿ. ಫ್ಯಾನ್ ಆಫ್ ಮಾಡಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಎಡಿಟ್ ಮಾಡುವ ಹುಡುಗರು ನೀವು ಸುಮ್ಮನಿರುವ ಜಾಗವನ್ನೆಲ್ಲ ಕತ್ತರಿಸೋಕೆ ನೋಡುತ್ತಾರೆ, ಬಿಡಬೇಡಿ. ಮಕ್ಕಳ ಮುಖ ಬರುವ ಹಾಗಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಮೊದಲೇ ತಗೊಳ್ಳಿ. ಆ ಹುಡುಗಿ ಕೇಳಿದ ಪ್ರಶ್ನೆ ಹಾಕುವುದಾದರೆ ಅವಳನ್ನೂ ಕೇಳಿ.

ಅರಿವು ಕೇಂದ್ರದ ಅಕ್ಕ, ಶಿಡ್ಲಘಟ್ಟ ತಾಲ್ಲೂಕು

ಎಲ್ಲ ಬರೆದಿಟ್ಟುಕೊಂಡೆ. ನೂಲಿನ ಸಾಹೇಬರೇ, ನಿಮ್ಮ ಮನೆಗೆ ಮಕ್ಕಳನ್ನು ಕರೆದುಕೊಂಡು ಬರಬಹುದಾ? ಎಷ್ಟು ಹೊತ್ತಿಗೆ ಕೆಲಸ ಶುರು ಮಾಡ್ತೀರಾ?

ನೂಲು ಬಿಚ್ಚುವವರು, ಶಿಡ್ಲಘಟ್ಟ

ಧಾರಾಳವಾಗಿ ಬನ್ನಿ ಮೇಡಂ. ಬೆಳಗ್ಗೆ ಬೇಗನೆ ಒಲೆ ಹಚ್ಚುತ್ತೇವೆ, ಆಗ ಹೊಗೆ ಜಾಸ್ತಿ. ಎಂಟರ ಮೇಲೆ ಬಂದರೆ ಮಕ್ಕಳಿಗೆ ಕಣ್ಣು ಉರಿಯಲ್ಲ. ಬಿಸಿನೀರಿನ ಹತ್ತಿರ ಓಡಾಡೋದು ಬೇಡ, ಬೆಂಚು ಹಾಕಿ ಕೂರಿಸ್ತೀನಿ. ನಮ್ಮ ಮನೆಯವರು ತುದಿ ಹುಡುಕೋದು ತೋರಿಸ್ತಾರೆ, ಅವರ ಕೈ ನನಗಿಂತ ಚೆನ್ನಾಗಿ ಓಡುತ್ತೆ.